ಚಾರ್ಜರ್‌ಗೆ ಹಚ್ಚಿದ ಕುಂಕುಮ

“ಆಯಿ, ಇದರಾಗ ಕರೆಂಟ್ ಹೆಂಗ ಹರೀಬೇಕು? ನಡುವ ಇಷ್ಟ್ ಕುಂಕುಮ ಕುಂತೈತಲ್ರಿ!”

ಖಾಸಬಾಗದ ರಿಪೇರಿ ಅಂಗಡಿಯವನು ನನ್ನ ರೇಡಿಯೋ ಸೆಲ್ಲುಗಳ ಚಾರ್ಜರನ್ನು ಬೆಳಕಿಗೆ ಹಿಡಿದು ನಗತೊಡಗಿದ. ಸೆಲ್ಲು ತಾಗುವ ತಗಡಿನ ಮೇಲೆ ಕುಂಕುಮ ಗಟ್ಟಿಯಾಗಿ ಅಂಟಿತ್ತು. ಸಂದಿಯಲ್ಲಿ ಅಕ್ಷತೆಯ ಕಾಳೂ ಇದ್ದವು. ನಾಚಿಕೆಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ದಸರೆಯ ಖಂಡೆಪೂಜೆಯಂದು ಖಾನಾಪುರದ ನಮ್ಮ ಮನೆಯಲ್ಲಿ ಮಿಕ್ಸರ್, ಸ್ಕೂಟರ್, ಚಾರ್ಜರ್ ಎಲ್ಲಕ್ಕೂ ಸಾಲಾಗಿ ಕುಂಕುಮ ಹಚ್ಚಿದವನು ಇಂಜಿನಿಯರಿಂಗ್ ಓದಿದ ನನ್ನ ಮಗ. ಮರುದಿನದಿಂದ ಸೆಲ್ಲು ಚಾರ್ಜ್ ಆಗಲಿಲ್ಲ. “ಸಸ್ತಾ ಮಾಲು, ಹೋತ್ ಬಿಡವ್ವಾ. ಈಗ ರೇಡಿಯೋ ಯಾರ್ ಕೇಳ್ತಾರ?” ಎಂದು ಅವನೇ ತೀರ್ಪು ಕೊಟ್ಟ. ಮೊಮ್ಮಕ್ಕಳೇ, ನಾನು ಕೇಳುತ್ತೇನೆ. ನಿಮ್ಮ ಅಜ್ಜ ಹೋದ ಮೇಲೆ ಸಂಜೆಹೊತ್ತು ನನ್ನ ಕೋಣೆಯಲ್ಲಿ ಮಾತಾಡುವುದು ಅದೊಂದೇ.

ಅಂಗಡಿಯವನು ತಗಡನ್ನು ಒಣ ಬ್ರಶ್‌ನಿಂದ ಉಜ್ಜಿ ಸೆಲ್ಲು ಕೂಡಿಸಿದ. ಚಾರ್ಜರಿನ ದೀಪ ಹತ್ತಿತು. ಎಷ್ಟು ಕೊಡಬೇಕು ಎಂದು ಕೇಳಿದೆ.

“ದೇವರನ್ನ ಒರಸಿದ್ದಕ್ಕ ರೊಕ್ಕ ಹೆಂಗ ತಗೊಳ್ಳಲಿ, ಆಯಿ?” ಎಂದ. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಕರೆಂಟ್ ಮೀಟರಿನ ಅಂಕಿಗಳೇ ಕಾಣದಷ್ಟು ಕುಂಕುಮ ಮೆತ್ತಿತ್ತು. ನಾನು ಅದನ್ನು ನೋಡುತ್ತಲೇ ಚಾರ್ಜರನ್ನು ಚೀಲಕ್ಕೆ ಹಾಕಿಕೊಂಡೆ.

ಆ ಸಂಜೆ ರೇಡಿಯೋ ಹಾಡಿದ್ದು ಕೇಳಿ ಮಗ ಹಿಗ್ಗಿನಿಂದ ಒಳಗೆ ಬಂದ. “ನೋಡಿದಿ ಏನವ್ವಾ, ತಡಾ ಆದ್ರೂ ಪೂಜಿ ಫಲ ಕೊಡ್ತು!”

ಆಗಿನಿಂದ ಹಬ್ಬ ಬಂತೆಂದರೆ ಆ ಚಾರ್ಜರ್ ನನ್ನ ಟ್ರಂಕಿನಲ್ಲಿ, ಸೀರೆಗಳ ಮಡಿಕೆಯೊಳಗೆ ಸೇರಿಕೊಳ್ಳುತ್ತದೆ. ಎಲ್ಲಿ ಹೋಯಿತೆಂದು ಮಗ ಮನೆಯೆಲ್ಲ ಹುಡುಕುತ್ತಾನೆ. ಮೊಮ್ಮಕ್ಕಳೇ, ಇದನ್ನು ನಿಮಗಷ್ಟೇ ಹೇಳುತ್ತಿದ್ದೇನೆ.