ನಾಲ್ಕು ಸಲ ‘ತೊಂದರೆ ಇಲ್ಲ’

ಬೈಂಡಿಂಗ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕಾಗದ ಕತ್ತರಿಸುವ ಯಂತ್ರ ಅವಳ ಕೈಯಲ್ಲಿತ್ತು ಎನ್ನುವುದು ಅರ್ಧ ಕಾರಣ. ಉಳಿದರ್ಧ ಅವಳ ನಾಲಿಗೆ. ಹತ್ತೊಂಬತ್ತನೇ ವಯಸ್ಸಿಗೆ ಹಾಳೆ ಮಡಿಸಲು ಬಂದವಳು. ಯಂತ್ರ ಗಂಡಸರ ಕೆಲಸ ಎಂದಿದ್ದ ಹಳೆಯ ಮೇಸ್ತ್ರಿಗೆ, “ಅದರ ಹಿಡಿಗೆ ಗಂಡು ಹೆಣ್ಣು ಗೊತ್ತಾಗುತ್ತಾ?” ಎಂದು ಕೇಳಿ, ವರ್ಷ ತುಂಬುವುದರೊಳಗೆ ಅವನ ಜಾಗದಲ್ಲಿ ನಿಂತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಕತ್ತರಿಸಿದ ಅಂಚು ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ.

ಎದೆಯಲ್ಲಿ ಗಂಟು ಸಿಕ್ಕಾಗಲೂ ಅವಳು ಅಳಲಿಲ್ಲ, ಸಿಟ್ಟಾದಳು. ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಕೀಮೊ, ಒಟ್ಟು ಆರು ಸಲ ಎಂದರು. ಮೊದಲೆರಡು ಸಲ ಔಷಧಿ ನರಕ್ಕೆ ಹೋದ ಮೇಲೆ ವಾಂತಿಯಾಯಿತು. ಮೂರನೇ ಸಲ ಔಷಧಿಗೂ ಮುಂಚೆ, ಆಸ್ಪತ್ರೆಯ ಲಿಫ್ಟಿನಲ್ಲೇ ಆಯಿತು. ನಾಲ್ಕನೇ ಸಲಕ್ಕೆ, ಆಸ್ಪತ್ರೆಗೆ ಒಯ್ಯುವ ಹಳದಿ ಚೀಲವನ್ನು ತಂಗಿ ಕಪಾಟಿನಿಂದ ತೆಗೆದದ್ದೇ ಸಾಕಾಯಿತು.

ಮದುವೆಯಾಗದ ಅಕ್ಕ, ಮದುವೆ ಸಾಕೆಂದು ವಾಪಸು ಬಂದ ತಂಗಿ. ಎರಡು ಕೋಣೆಯ ಬಾಡಿಗೆ ಮನೆ. ತಂಗಿ ಈಗ ತುದಿಗಾಲಲ್ಲಿ ಓಡಾಡುತ್ತಿದ್ದಳು. ಹೊತ್ತು ಹೊತ್ತಿಗೆ ಹಬೆಯಾಡುವ ತಟ್ಟೆ ಹಿಡಿದು, “ಒಂದೇ ಒಂದು ತುತ್ತು ಅಕ್ಕಾ” ಎಂದು ಮೂಗಿನ ಕೆಳಗೇ ನಿಲ್ಲುತ್ತಿದ್ದಳು. ನೋಡಲು ಬಂದವರೆಲ್ಲ ಧೈರ್ಯ ಹೇಳಿ, ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. “ಅಷ್ಟು ಧೈರ್ಯ ಇದ್ರೆ ಒಂದು ಸೂಜಿ ಅವರೇ ಚುಚ್ಚಿಸ್ಕೊಳ್ಲಿ” ಎಂದು ಅವಳು ಬಾಗಿಲು ಹಾಕುತ್ತಿದ್ದಳು.

ಇಷ್ಟೆಲ್ಲ ಬೈಯುವವಳು ಬೈಯಬೇಕಾದ ಒಂದು ಜಾಗದಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. ಪ್ರತಿ ಕೀಮೊ ಆದ ವಾರಕ್ಕೆ ರಕ್ತ ಪರೀಕ್ಷೆಗೆ ಹೋದಾಗ ಆಸ್ಪತ್ರೆಯ ಗುಮಾಸ್ತ ಫಾರಂ ತುಂಬಿಸುತ್ತಿದ್ದ. ಹಿಂದೆ ಹತ್ತು ಜನರ ಸಾಲು. “ಹೋದ ಸಲದಿಂದ ತೊಂದರೆ ಏನಿಲ್ಲ ಅಲ್ವಾ?” ಎನ್ನುವಾಗಲೇ ಅವನ ಪೆನ್ನು ‘ಇಲ್ಲ’ದ ಮೇಲೆ ಕೂತಿರುತ್ತಿತ್ತು. “ಏನಿಲ್ಲ” ಎನ್ನುತ್ತಿದ್ದಳು. ವಾಂತಿ ಎಂದರೆ ಔಷಧಿ ಕಡಿಮೆ ಮಾಡುತ್ತಾರೆ ಎಂದು ಪಕ್ಕದ ಕುರ್ಚಿಯ ಹೆಂಗಸು ಮೊದಲ ದಿನವೇ ಪಿಸುಗುಟ್ಟಿದ್ದಳು. ಔಷಧಿ ಕಡಿಮೆಯಾದರೆ ಗಂಟು ಮತ್ತೆ ಬರುತ್ತದೆ. ಆ ಭಯವನ್ನು ಅವಳು ತಂಗಿಗೂ ಹೇಳಲಿಲ್ಲ.

ಐದನೇ ಕೀಮೊದ ಹಿಂದಿನ ದಿನ ಅವಳು ಹಟ ಹಿಡಿದು ಕೆಲಸಕ್ಕೆ ಹೋದಳು. ಹೊಲಿದ ಪುಸ್ತಕದ ಮೂರು ಅಂಚು ಮಾತ್ರ ಕತ್ತರಿಸುತ್ತಾರೆ; ಹೊಲಿಗೆಯಿರುವ ಬೆನ್ನು ಬ್ಲೇಡಿನ ಕೆಳಗೆ ಹೋಗಲೇಬಾರದು. ಮಗ್ಗುಲಲ್ಲಿ ಯಾರೋ ಅಂಟಿನ ಬಕೆಟ್ಟಿನ ಮುಚ್ಚಳ ತೆಗೆದರು. ಆ ವಾಸನೆಯ ಜೊತೆಗೆ ನಾಳೆಯ ಲಿಫ್ಟು, ನಾಳೆಯ ಕುರ್ಚಿ ಒಟ್ಟಿಗೇ ನುಗ್ಗಿ ಬಂದವು. ವಾಂತಿಗೆ ಮುಂಚಿನ ಹಾಗೆ ಬಾಯಲ್ಲಿ ನೀರೂರಿತು. ಪುಸ್ತಕದ ಕಟ್ಟನ್ನು ತಪ್ಪು ಮಗ್ಗುಲಿಗೆ ತಿರುಗಿಸಿಟ್ಟು ಹಿಡಿ ಎಳೆದೇಬಿಟ್ಟಳು. ನಲವತ್ತು ಪುಸ್ತಕಗಳ ಬೆನ್ನು ಹೊಲಿಗೆ ಸಮೇತ ಕಳಚಿ ಬಿತ್ತು.

ಯಜಮಾನರು ಓಡಿ ಬಂದರು. ಒಂದು ಹಾಳೆ ಮುದುಡಿದರೂ ಸೂರು ಹಾರುವಂತೆ ಕೂಗುವ ಮನುಷ್ಯ. ಕಳಚಿದ ಬೆನ್ನೊಂದನ್ನು ಎತ್ತಿ ನೋಡಿದರು, ಮೆಲ್ಲಗೆ ಕೆಳಗಿಟ್ಟರು.

“ಇರಲಿ ಬಿಡಮ್ಮ. ಮನೆಗೆ ಹೋಗಿ ಮಲಕ್ಕೊ.”

“ಬೈಯಿರಿ.”

“ಏನು?”

“ಬೈಯಿರಿ ಅಂದೆ! ಬೇರೆಯವರು ಮಾಡಿದ್ರೆ ಸುಮ್ನೆ ಬಿಡ್ತಿದ್ರಾ? ನಾನ್ಯಾವಾಗ ನಿಮಗೆ ಅಮ್ಮ ಆದೆ?”

“ನಿನ್ನ ಸ್ಥಿತೀಲಿ…”

“ಏನು ನನ್ನ ಸ್ಥಿತಿ? ಇನ್ನೂ ಉಸಿರಾಡ್ತಿದೀನಿ!”

ಅವರು ಬಗ್ಗಿ, ಕೆಟ್ಟ ಪುಸ್ತಕಗಳನ್ನು ತಾವೇ ಆಯತೊಡಗಿದರು. ಆ ಕನಿಕರ ಅವಳನ್ನು ಸುಟ್ಟಿತು. ಇವರೆಲ್ಲ ತನ್ನ ಕಥೆ ಮುಗಿಯಿತೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ.

ಮನೆಗೆ ಬಂದವಳೇ ಹಳದಿ ಚೀಲವನ್ನು ಮೂಲೆಗೆ ಒಗೆದಳು. “ನಾಳೆ ಬರಲ್ಲ. ಇನ್ಯಾವತ್ತೂ ಬರಲ್ಲ.”

ತಂಗಿ ಅಳುತ್ತಾಳೆ ಎಂದುಕೊಂಡಿದ್ದಳು. ತಂಗಿ ಕೈಯಲ್ಲಿದ್ದ ತಟ್ಟೆಯನ್ನು ಮೇಜಿಗೆ ಕುಕ್ಕಿದಳು. “ಊರಿಗೆಲ್ಲ ಕೂಗಾಡ್ತೀಯ. ಆ ಗುಮಾಸ್ತನ ಮುಂದೆ ನಿಂತ್ರೆ ಮಾತ್ರ ಬಾಯಿಗೆ ಬೀಗ! ಏನಿಲ್ಲವಂತೆ, ಏನಿಲ್ಲ! ರಾತ್ರಿಯೆಲ್ಲ ಬಕೆಟ್ ತೊಳೆಯೋಳು ನಾನು!” ಎಂದವಳೇ ಕೀಮೊ ವಾರ್ಡಿನ ನರ್ಸಿಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಫೋನನ್ನು ಅಕ್ಕನ ಕಿವಿಗೆ ಒತ್ತಿದಳು.

“ನಾಲ್ಕು ಸಲವೂ ತೊಂದರೆ ಇಲ್ಲ ಅಂತ ಬರೆಸಿದೀರಲ್ಲಮ್ಮ” ಎಂದಳು ನರ್ಸು. ದನಿಯಲ್ಲಿ ಬೆಣ್ಣೆ ಇರಲಿಲ್ಲ. “ನಮಗೇನು ಕನಸು ಬೀಳುತ್ತಾ?”

“ಹೇಳಿದ್ರೆ ಔಷಧಿ ಕಡಿಮೆ ಮಾಡ್ತೀರಿ.”

“ಯಾರು ಹೇಳಿದ್ದು? ಮೊದಲು ಬದಲಾಯಿಸೋದು ವಾಂತಿ ಮಾತ್ರೇನ. ಕೊಟ್ಟಿದ್ದ ಮಾತ್ರೆ ಯಾವಾಗ ತಗೋತಿದ್ರಿ?”

“ವಾಂತಿ ಬಂದಾಗ.”

“ವಾಂತಿ ಬಂದ ಮೇಲೆ ತಗೊಂಡ್ರೆ ಅದೂ ಆಚೆಗೇ ಬರುತ್ತೆ. ಬರೋಕೆ ಮುಂಚೆ ತಗೋಬೇಕು. ಇನ್ನೊಂದು, ಭಯಕ್ಕೂ ಮಾತ್ರೆ ಇದೆ.”

“ನನಗೇನು ಭಯ?”

“ಹಾಗಿದ್ರೆ ಚೀಲ ನೋಡಿದ್ರೆ ಯಾಕೆ ವಾಂತಿ? ಚೀಲದಲ್ಲಿ ಕೀಮೊ ಇದೆಯಾ?” ನರ್ಸು ತುಸು ತಡೆದಳು. “ತುಂಬಾ ಜನಕ್ಕೆ ಹೀಗಾಗುತ್ತಮ್ಮ. ಮರ್ಯಾದೆ ಹೋಗೋ ವಿಷಯ ಅಲ್ಲ. ನಾಳೆ ಬನ್ನಿ. ಕುರ್ಚೀಲಿ ಕೂರಬೇಡಿ, ಡಾಕ್ಟರನ್ನ ನೋಡಿ ಸಾಕು. ಆಮೇಲೂ ಬೇಡ ಅಂದ್ರೆ ನಾನು ಬಲವಂತ ಮಾಡಲ್ಲ.”

ಬಹಳ ದಿನಗಳ ಮೇಲೆ ಒಬ್ಬರು ಅವಳ ಜೊತೆ ಜಗಳವಾಡಿದ್ದರು. ಅವಳು ಹೋದಳು.

ಡಾಕ್ಟರು ಕೀಮೊವನ್ನು ಎರಡು ದಿನ ಮುಂದಕ್ಕೆ ಹಾಕಿದರು, ವಾಂತಿಯ ಮಾತ್ರೆ ಬದಲಿಸಿದರು. ಹಿಂದಿನ ರಾತ್ರಿಗೊಂದು, ಬೆಳಿಗ್ಗೆಗೊಂದು ಭಯದ ಮಾತ್ರೆ ಬರೆದುಕೊಟ್ಟರು. ತಟ್ಟೆ ತುಂಬ ಬಿಸಿ ಊಟ ಬೇಡ, ಆರಿದ್ದನ್ನು ಸ್ವಲ್ಪ ಸ್ವಲ್ಪ ತಿನ್ನಲಿ ಎಂದು ನರ್ಸು ತಂಗಿಗೆ ಹೇಳಿದಳು. “ಕೇಳಿಸ್ತಾ? ಇನ್ನು ಮೂಗಿನ ಹತ್ರ ಹಬೆ ತರಬೇಡ” ಎಂದಳು ಅಕ್ಕ.

ಐದನೇ ಕೀಮೊದ ದಿನ ಲಿಫ್ಟು ಬಿಟ್ಟು, ನಡುನಡುವೆ ನಿಂತು, ಮೆಟ್ಟಿಲು ಹತ್ತಿದರು. ಕಿಟಕಿಯ ಪಕ್ಕದ ಕುರ್ಚಿ ಕೇಳಿ ಪಡೆದಳು. ಸೂಜಿ ಇಳಿಯುವಾಗ ವಾಕರಿಕೆ ಬಂತು. “ಉಸಿರನ್ನ ನಿಧಾನಕ್ಕೆ ಬಿಡಿ, ಎಣಿಸಿ” ಎಂದಳು ನರ್ಸು. ಅವಳು ಹಾಳೆ ಎಣಿಸುವ ಹಾಗೆ ಐದೈದಾಗಿ ಎಣಿಸಿದಳು. ಇನ್ನೂರರ ಹೊತ್ತಿಗೆ ವಾಕರಿಕೆ ಇಳಿಯಿತು. ಅಂದು ಸಂಜೆ ಒಂದು ಸಲ ವಾಂತಿಯಾಯಿತು, ಒಂದೇ ಸಲ. ಬೆಳಿಗ್ಗೆ ಅರ್ಧ ಬಾಳೆಹಣ್ಣು ತಿಂದಳು.

ತಿಂದ ಮೇಲೆ ಸಿಟ್ಟು ನೆತ್ತಿಗೇರಿತು. “ನಾಲ್ಕು ಸಲ ಸುಮ್ಮಸುಮ್ಮನೆ ಸತ್ತೆನಲ್ಲೇ! ಆ ಫಾರಂ ಹರಿದುಹೋಗ. ಮೊದಲು ನನ್ನ ಬಾಯಿಗೆ ಬೆಂಕಿ ಹಾಕ.”

ತಂಗಿ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದಳು.

“ಹಲ್ಲು ಕಿರಿಬೇಡ. ಆರನೇದು ಯಾವತ್ತು ಅಂತ ಬರ್ಕೊಂಡಿದೀಯಾ, ಇಲ್ಲಾ ಅದನ್ನೂ ನಾನೇ ನೋಡ್ಬೇಕಾ?”