ಆಫ್ ಇದ್ದ ಸ್ವಿಚ್ಚು

ನಮ್ಮ ಚಾಳಿನಲ್ಲಿ ಯಾರ ಮನೆಯಲ್ಲಾದರೂ ಗಂಟು ಹಾಕಿ ಜೋಡಿಸಿದ ವೈರು ಕಣ್ಣಿಗೆ ಬಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ನನ್ನ ಹರಕು ಹಿಂದಿಯಲ್ಲೇ ಬೈದು ಬರುತ್ತೇನೆ. ಬೆನ್ನ ಹಿಂದೆ ನನ್ನನ್ನು ‘ವೈರ್‌ವಾಲಿ’ ಅನ್ನುತ್ತಾರಂತೆ. ಅನ್ನಲಿ, ನನಗೇನು? ನಾನು ಯಾಕೆ ಬೈಯುತ್ತೇನೆ ಅನ್ನುವುದು ನನಗೊಬ್ಬಳಿಗೇ ಗೊತ್ತು. ಆರು ವರ್ಷದ ಹಿಂದೆ ನನ್ನ ಅತ್ತೆ ಸತ್ತದ್ದು ಹೃದಯ ನಿಂತು ಎಂದು ಎಲ್ಲರೂ ನಂಬಿದ್ದಾರೆ, ನನ್ನ ಗಂಡನೂ ನಂಬಿದ್ದಾರೆ. ನಾನು ವೈರಿಗೆ ಹಾಕಿದ ಒಂದು ಜಾಯಿಂಟು ಅತ್ತೆಯನ್ನು ಕೊಂದಿತೇನೋ ಎಂಬ ಮಾತನ್ನು ಗಂಡನಿಗೆ ಹೇಳಬೇಕು, ಹೇಳಬೇಕು ಅಂದುಕೊಂಡೇ ಇಷ್ಟು ವರ್ಷ ತಳ್ಳಿದೆ. ಅವರು ಪೇಪರು ಬಿಟ್ಟರೆ ಬೇರೇನೂ ಓದುವವರಲ್ಲ. ಆ ಧೈರ್ಯದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಂಡ್ಯ ಕಡೆಯವಳು, ಅವರು ಬಾಗಲಕೋಟೆ ಕಡೆಯವರು. ಬಿಲ್ಡಿಂಗುಗಳಲ್ಲಿ ಟೈಲ್ಸ್ ಕೂರಿಸುವ ಕೆಲಸ. ನಾನು ವಿಲೆ ಪಾರ್ಲೆಯ ಒಂದು ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವವಳು. ಬೆರಳು ಕೊಯ್ದುಕೊಂಡು ಬಂದ ಮನುಷ್ಯನಿಗೆ ನಾನೇ ಪಟ್ಟಿ ಕಟ್ಟಿದೆ, ಆಮೇಲೆ ಗಾಯ ಮಾಗಿದರೂ ಬರುವುದು ಬಿಡಲಿಲ್ಲ ಆಸಾಮಿ! ಮದುವೆಯಾಗಿ ದಹಿಸರಿನ ಈ ಒಂದೇ ಕೋಣೆಯ ಖೋಲಿಗೆ ಬಂದೆವು. ಸ್ವಿಚ್ ಬೋರ್ಡು ಸುಟ್ಟು ಹೋಗಿತ್ತು. “ಎಲೆಕ್ಟ್ರಿಶಿಯನ್ ಯಾಕ ಬೇಕು, ಸೈಟಿನ್ಯಾಗ ದಿನಾ ನೋಡತೀನಿ” ಎಂದು ಅವರೇ ಹೊಸ ಬೋರ್ಡು ಹಾಕಿದರು. ಫ್ಯಾನು ತಿರುಗಿತು, ದೀಪ ಹತ್ತಿತು. ಅವತ್ತು ಅವರ ಮೀಸೆ ಕೆಳಗೆ ಇಳಿಯಲೇ ಇಲ್ಲ.

ಅತ್ತೆ ಊರಿನಿಂದ ಬಂದದ್ದು ಮಾವ ತೀರಿಕೊಂಡ ಮೇಲೆ. ಗಟ್ಟಿ ಹೆಂಗಸು, ಬಾಯಿಯೂ ಗಟ್ಟಿ. ನನ್ನ ಮಾತಿನ ಧಾಟಿ ಕೇಳಿ, “ಯವ್ವಾ, ಇಕಿ ಬೈದ್ರೂ ಹಾಡಿದಂಗ ಕೇಳತೈತಿ” ಎಂದು ಎಲ್ಲ ಖೋಲಿಗಳ ಮುಂದೆ ಹಾದ ಗ್ಯಾಲರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದರು. ಬಿ.ಪಿ. ಇತ್ತು, ಒಂದು ಸಲ ಎದೆನೋವೂ ಬಂದಿತ್ತು. ಒಳಗೆ ಸೆಕೆಯೆಂದು ಮಧ್ಯಾಹ್ನವೆಲ್ಲ ಗ್ಯಾಲರಿಯಲ್ಲಿ ಕೂರುವವರು. ಅವರಿಗೆ ಗಾಳಿಯಾಗಲಿ ಎಂದು ಟೇಬಲ್ ಫ್ಯಾನು ಹೊರಗಿಟ್ಟೆ. ವೈರು ಸಾಲಲಿಲ್ಲ. ಇನ್ನೊಂದು ತುಂಡು ಸೇರಿಸಿ ಉದ್ದ ಮಾಡಲು ಕೂತೆ.

ವೈರು ಸುಲಿಯುವುದು ನನಗೆ ಚಿಕ್ಕಂದಿನಿಂದ ಗೊತ್ತು, ಅಪ್ಪ ಕಲಿಸಿದ್ದು. ಮೊದಲು ಪ್ಲಗ್ಗು ಕಿತ್ತು ಕಣ್ಣೆದುರಿಗೇ ಇಟ್ಟುಕೊಳ್ಳಬೇಕು. ಹಲ್ಲಿನಿಂದ ಕಚ್ಚಿ ಎಳೆಯಬಾರದು. ಚಾಕುವನ್ನು ನೆಟ್ಟಗೆ ಒತ್ತಿದರೆ ತಾಮ್ರದ ಎಳೆ ಕತ್ತರಿಸುತ್ತದೆ, ಪೆನ್ಸಿಲು ಜೀವುವ ಹಾಗೆ ಓರೆಯಾಗಿ ಹಿಡಿಯಬೇಕು. ಎರಡೂ ತಂತಿಯ ಜಾಯಿಂಟು ಎದುರುಬದುರು ಬರಬಾರದು, ಒಂದು ಮೇಲೆ ಒಂದು ಕೆಳಗೆ ಇರಬೇಕು. ಎಳೆಗಳನ್ನು ಬಿಗಿಯಾಗಿ ಹೊಸೆದು, ಕರೆಂಟಿನ ಕಪ್ಪು ಟೇಪನ್ನು ಒಂದು ಸುತ್ತಿನ ಮೇಲೆ ಅರ್ಧ ಸುತ್ತು ಕೂರುವಂತೆ ಎಳೆದು ಸುತ್ತಬೇಕು. ಎಲ್ಲಕ್ಕಿಂತ ಒಳ್ಳೆಯದು ಜಾಯಿಂಟೇ ಹಾಕದೆ ಹೊಸ ವೈರು ತರುವುದು. ಎಲ್ಲ ಗೊತ್ತಿತ್ತು ನನಗೆ, ಎಲ್ಲವನ್ನೂ ಸರಿಯಾಗಿಯೇ ಮಾಡಿದೆ. ಕೊನೆಗೆ ಡಬ್ಬಿ ತಡಕಿದರೆ ಕಪ್ಪು ಟೇಪು ಮುಗಿದಿತ್ತು.

“ನೀ ಏನ ಗಂಡಸೇನವಾ, ವೈರ್ ಕೊಯ್ಕೋತ ಕುಂತೀಯಲ್ಲ” ಎಂದರು ಅತ್ತೆ, ಪಕ್ಕದಲ್ಲೇ ಕೂತು.

“ಗಂಡಸರು ಮಾಡಿದ್ದು ನೋಡಿದೀನಿ, ಬಿಡಿ ಅತ್ತೆ” ಎಂದೆ ನಾನು, ಜಂಬ ನೋಡಿ!

ಬ್ಯಾಗಿನಲ್ಲಿ ದವಾಖಾನೆಯ ಬಿಳಿ ಬಟ್ಟೆಯ ಟೇಪಿತ್ತು. ಬೆವರು ಸುರಿಯುವ ಮೈಗೆ ಅಂಟಿಸಿದರೆ ಎಂಟು ದಿನ ಬಿಡುವುದಿಲ್ಲ ಅದು. ದಿನಕ್ಕೆ ಮೂವತ್ತು ಜನಕ್ಕೆ ಅಂಟಿಸುವವಳು ನಾನು, ಅದರ ಮೇಲೆ ನನಗೆ ದೇವರ ಮೇಲಿಗಿಂತ ಹೆಚ್ಚು ನಂಬಿಕೆ. ಅದನ್ನೇ ಅಚ್ಚುಕಟ್ಟಾಗಿ ಸುತ್ತಿದೆ, ಪಟ್ಟಿ ಕಟ್ಟಿದ ಬೆರಳಿನ ಹಾಗೆ ಕಂಡಿತು. ಇವತ್ತಿಗೆ ಇರಲಿ, ನಾಳೆ ಕಪ್ಪು ಟೇಪು ತಂದು ಬದಲಾಯಿಸಿದರಾಯಿತು ಅಂದುಕೊಂಡೆ. ಬಟ್ಟೆ ನೀರು ಕುಡಿಯುತ್ತದೆ ಎಂದು ಪಟ್ಟಿ ಕಟ್ಟುವವಳ ತಲೆಗೆ ಹೊಳೆಯಲಿಲ್ಲವಲ್ಲ! ಬೆಳಗ್ಗೆ ಲೋಕಲ್ ರೈಲು ಹಿಡಿಯುವ ಓಟ, ಸಂಜೆ ಬಂದು ರೊಟ್ಟಿ ತಟ್ಟುವ ಓಟ. ಆ ನಾಳೆ ಮಳೆಗಾಲದವರೆಗೂ ಬರಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ ಬೆಳಗ್ಗೆ ನಾನು ಒಳಗೆ ಹಿಟ್ಟು ನಾದುತ್ತಿದ್ದೆ, ಅವರು ಸೈಟಿಗೆ ಹೋಗಿದ್ದರು. ಅತ್ತೆ ಸ್ನಾನ ಮಾಡಿ, ಒಗೆದ ಸೀರೆಯ ಬಕೆಟ್ಟು ಹಿಡಿದು ಬರಿಗಾಲಲ್ಲಿ ಗ್ಯಾಲರಿಗೆ ಹೋದರು. ಬಕೆಟ್ಟು ಉರುಳಿದ ಸದ್ದು ಕೇಳಿತು. ಪಕ್ಕದ ಖೋಲಿಯ ಮರಾಠಿ ಹೆಂಗಸು “ಅಹೋ, ಆಜೀ ಪಡಲ್ಯಾ!” ಅಜ್ಜಿ ಬಿದ್ದರು ಎಂದು ಚೀರಿದಳು. ಓಡಿದೆ. ಅತ್ತೆ ನೆಲದ ಮೇಲಿದ್ದರು. ಸೀರೆ ಅರ್ಧ ಗ್ಯಾಲರಿಯ ಕಬ್ಬಿಣದ ಕಂಬಿಯ ಮೇಲೆ, ಅರ್ಧ ಅವರ ಮೇಲೆ. ಜನ ಸೇರಿ ಅವರನ್ನು ಎತ್ತುತ್ತಿರುವಾಗ ನನ್ನ ಕಣ್ಣು ಮಾತ್ರ ಕಂಬಿಯ ಬುಡದಲ್ಲಿ ಹಾದಿದ್ದ ಫ್ಯಾನಿನ ವೈರಿನ ಮೇಲೆ ಹೋಯಿತು. ಬಿಳಿ ಟೇಪು ನೆನೆದು ಬಿಚ್ಚಿಕೊಂಡಿತ್ತು, ತಾಮ್ರ ಕಂಬಿಗೆ ತಾಗಿತ್ತು.

ಒಳಗೆ ಹಾರಿ ಸ್ವಿಚ್ಚು ಆರಿಸಲು ಕೈ ಚಾಚಿದೆ. ಸ್ವಿಚ್ಚು ಮೊದಲೇ ಆಫ್ ಇತ್ತು. ಇದು ನನಗೆ ಚೆನ್ನಾಗಿ ನೆನಪಿದೆ, ಬೆರಳಿಗೇ ನೆನಪಿದೆ. ಬೆಳಗ್ಗೆಯಿಂದ ಫ್ಯಾನು ಹಾಕಿರಲೇ ಇಲ್ಲ. ಆದರೂ ಪ್ಲಗ್ಗು ಕಿತ್ತು, ವೈರನ್ನು ಒಳಗೆಳೆದುಕೊಂಡೆ. ಯಾರೂ ನೋಡಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಹೃದಯ ನಿಂತಿದೆ, ವಯಸ್ಸಾಗಿತ್ತು, ಬಿ.ಪಿ. ಬೇರೆ ಎಂದರು ಡಾಕ್ಟರು. ಅತ್ತೆಯ ಬಲ ಅಂಗೈಯಲ್ಲಿ ಬೆಳ್ಳಗೆ, ಕಡಲೆಕಾಳಿನಷ್ಟು ಒಂದು ಗುರುತಿತ್ತು. ಸುಟ್ಟ ಗಾಯ ದಿನಾ ನೋಡುವವಳು ನಾನು. ರೊಟ್ಟಿಯ ಹಂಚು ತಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಆ ಅಂಗೈಯನ್ನು ಮುಚ್ಚಿಬಿಟ್ಟೆ. ಅವರು ಬಂದು ತಾಯಿಯ ಕಾಲು ಹಿಡಿದು ಅತ್ತರು. ನಾನು ವೈರಿನ ಮಾತೆತ್ತಲಿಲ್ಲ.

ಆಮೇಲೆ ನಾನು ಬದುಕಿದ್ದು ಆ ಒಂದು ಮಾತಿನ ಮೇಲೆ: ಸ್ವಿಚ್ಚು ಆಫ್ ಇತ್ತು. ಆಫ್ ಇದ್ದ ಮೇಲೆ ವೈರಿನಲ್ಲಿ ಕರೆಂಟು ಎಲ್ಲಿಂದ ಬರಬೇಕು? ಅಂದಮೇಲೆ ಅದು ಹೃದಯವೇ. ಹೀಗಂದುಕೊಂಡರೆ ಒಂದಷ್ಟು ದಿನ ಸಮಾಧಾನ. ಮತ್ತೆ ಯಾವಾಗಲೋ ರೊಟ್ಟಿ ತಟ್ಟುವಾಗ ಗ್ಯಾಲರಿಯಲ್ಲಿ ಬಕೆಟ್ಟು ಉರುಳುತ್ತದೆ. ಹೋಗಿ ನೋಡಿದರೆ ಬಕೆಟ್ಟು ಒಳಗೆ ಮೂಲೆಯ ಬಚ್ಚಲು ಮೋರಿಯಲ್ಲೇ ಮಗುಚಿ ಬಿದ್ದುಕೊಂಡಿರುತ್ತದೆ. ದೆವ್ವಗಿವ್ವ ನಂಬುವವಳಲ್ಲ ನಾನು. ಆದರೂ ಬಾಗಿಲ ಹತ್ತಿರ ಒದ್ದೆ ಸೀರೆಯ ವಾಸನೆ ಬಂದಾಗ, “ಅತ್ತೆ, ಸ್ವಿಚ್ಚು ಆಫ್ ಇತ್ತು ಕಣ್ರೀ” ಎಂದು ಗಟ್ಟಿಯಾಗಿಯೇ ಹೇಳಿಬಿಡುತ್ತಿದ್ದೆ. ಅವರು ಬದುಕಿದ್ದರೆ ಏನಾದರೂ ಕೊಂಕು ನುಡಿದು ನಕ್ಕುಬಿಡುತ್ತಿದ್ದರು. ಮನೆ ಸುಮ್ಮನಿರುತ್ತಿತ್ತು. ಆ ಸುಮ್ಮನೆ ಇರುವುದಕ್ಕೇ ನನಗೆ ಭಯ. ಇವತ್ತಿಗೂ ಕಂಬಿ ಮುಟ್ಟುವ ಮೊದಲು ಬೆರಳಿನ ಹಿಂಭಾಗ ತಾಗಿಸಿ ನೋಡುತ್ತೇನೆ, ಅದಕ್ಕೆ ಯಾವ ವೈರೂ ಹತ್ತಿರವಿಲ್ಲದಿದ್ದರೂ.

ಈ ಸಲದ ಮಳೆಗಾಲ ಶುರುವಾದಾಗ ಸಾಕಾಯಿತು. ಹೇಳಿಬಿಡುವುದೆಂದು ಗಟ್ಟಿ ಮಾಡಿದೆ. ಪಾರ್ಲೆಯಿಂದ ದಹಿಸರಿನವರೆಗೆ ಲೋಕಲ್‌ನಲ್ಲಿ ನಿಂತುಕೊಂಡು ಮಾತು ಜೋಡಿಸಿದೆ: ಜಾಯಿಂಟು ನನ್ನದು, ಟೇಪು ನನ್ನದು, ಬಚ್ಚಿಟ್ಟ ತಪ್ಪೂ ನನ್ನದು, ಆದರೆ ಸ್ವಿಚ್ಚು ಆಫ್ ಇತ್ತು ರೀ. ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ. ಕೊನೆಯ ಆ ಮಾತನ್ನು ಕೇಳಿದ ಮೇಲೆ ಕ್ಷಮಿಸಿದರೂ ಕ್ಷಮಿಸಿಯಾರು ಎಂಬ ಆಸೆ ಇತ್ತು.

ಮರುದಿನ ಭಾನುವಾರ. ಚಹಾ ಕೊಟ್ಟು, “ರೀ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು” ಎಂದೆ. ಅವರು ಸ್ಟೂಲಿನ ಮೇಲೆ ಹತ್ತಿದ್ದರು. ಬಾಗಿಲ ಪಕ್ಕದ, ಆಗ ಫ್ಯಾನಿನ ಪ್ಲಗ್ಗು ಸಿಕ್ಕಿಸಿದ್ದ ಅದೇ ಬೋರ್ಡಿನ ಸ್ವಿಚ್ಚು ಸಡಿಲವಾಗಿತ್ತೆಂದು ಮುಚ್ಚಳ ಬಿಚ್ಚಿ ಟೆಸ್ಟರು ಹಿಡಿದಿದ್ದರು. “ತಡಿ, ಇದೊಂದು ಮುಗಿಸ್ತೀನಿ” ಎಂದು ಸ್ವಿಚ್ಚು ಆರಿಸಿ, ಪ್ಲಗ್ಗಿನ ತೂತಿಗೆ ಟೆಸ್ಟರು ಇಟ್ಟರು. ಟೆಸ್ಟರಿನ ಕೆಂಪು ದೀಪ ಹತ್ತಿತು.

“ಅಲೆಲೆ! ಆಫ್ ಮಾಡಿದ್ರೂ ಹತ್ತಾಕತ್ತೈತಿ” ಎಂದರು. ಇನ್ನೊಂದು ಸಲ ಒತ್ತಿ ನೋಡಿದರು. ಆಮೇಲೆ ಒಳಗಿನ ತಂತಿಗಳನ್ನು ಬೆರಳಿಟ್ಟು ಎಣಿಸಿ ನಕ್ಕರು. “ನಾನ ಉಲ್ಟಾ ಹಾಕೀನಿ ನೋಡು. ಫೇಸ್ ಸೀದಾ ಪ್ಲಗ್ಗಿಗೆ ಹೋಗೈತಿ, ಸ್ವಿಚ್ಚು ನ್ಯೂಟ್ರಲ್ ಮ್ಯಾಲ ಐತಿ.”

ಫೇಸ್ ಎಂದರೆ ಕರೆಂಟು ಬರುವ ತಂತಿ, ನ್ಯೂಟ್ರಲ್ ಎಂದರೆ ಹಿಂದಿರುಗುವ ತಂತಿ. ಸ್ವಿಚ್ಚು ಬರುವ ದಾರಿಯನ್ನು ಕತ್ತರಿಸಬೇಕು. ಹಿಂದಿರುಗುವ ದಾರಿ ಕತ್ತರಿಸಿದರೂ ಫ್ಯಾನು ನಿಲ್ಲುತ್ತದೆ, ನೋಡಿದವರು ಆರಿತು ಅಂದುಕೊಳ್ಳುತ್ತಾರೆ. ಕರೆಂಟು ಮಾತ್ರ ವೈರಿನ ಉದ್ದಕ್ಕೂ ಹಾಗೆಯೇ ಇರುತ್ತದೆ, ಯಾರಾದರೂ ಮುಟ್ಟುವವರೆಗೆ. ಆಫ್ ಇದ್ದ ಆ ಸ್ವಿಚ್ಚನ್ನೇ ನೋಡಿದೆ.

“ಇಷ್ಟ ವರ್ಷ ಹಿಂಗ ಇತ್ತು ನೋಡು, ಯಾರಿಗೂ ಏನೂ ಆಗಲಿಲ್ಲ” ಎಂದರು ಅವರು. “ಎಲ್ಲಾ ನಮ್ಮವ್ವನ ಪುಣ್ಯಾ.”

ನನ್ನ ತಪ್ಪನ್ನು ಹೇಳಿದರೆ ಅದರ ಜೊತೆಗೆ ಅವರದ್ದನ್ನೂ ಹೇಳಿದಂತೆ. ಟೇಪು ನಾನು ಸುತ್ತಿದ್ದು, ಬೋರ್ಡು ಅವರು ಹಾಕಿದ್ದು. ಅತ್ತೆಯನ್ನು ನಾವಿಬ್ಬರೂ ಸೇರಿ ಕಳಿಸಿದ್ದೆವು. ಅದು ಗೊತ್ತಾದ ದಿನ ಈ ಮನುಷ್ಯ ಊಟ ಮಾಡುತ್ತಾರೆಯೇ, ಮತ್ತೆ ನಗುತ್ತಾರೆಯೇ? ನನಗೆ ಕ್ಷಮೆ ಕೇಳುವ ಅವಕಾಶವೂ ಹೋಯಿತಲ್ಲ!

“ಏನೋ ಹೇಳತೀನಿ ಅಂದಿದ್ದಿ?” ಎಂದರು ಅವರು, ಸ್ಟೂಲಿನ ಮೇಲಿಂದಲೇ.

“ಮೇನ್ ಆಫ್ ಮಾಡಿ ಕೈ ಹಾಕ್ರೀ ಅಂತ ಹೇಳೋಣ ಅಂತಿದ್ದೆ” ಎಂದೆ.

“ಅಷ್ಟೇನಾ?”

“ಅಷ್ಟೇ.”