ಅವರ ಪಾದ ಯಾರೂ ಮುಟ್ಟಲಿಲ್ಲ

ಹೋದ ವಾರ ನನ್ನ ಸೊಸೆ ಎಲ್ಲಿಂದಲೋ ಒಂದು ಕಟ್ಟು ಲಕ್ಕಿ ಸೊಪ್ಪು ತಂದು ಒಲೆಯ ಮೇಲೆ ಕುದಿಯಲಿಟ್ಟಳು. ನನಗೆ ಸಯಾಟಿಕಾ ಶುರುವಾಗಿದೆ. ಸೊಂಟದಲ್ಲಿ ಹುಟ್ಟಿದ ನೋವು ತೊಡೆಯ ಹಿಂದಿನಿಂದ ಇಳಿದು, ಮೊಣಕಾಲು ದಾಟಿ, ಹೆಬ್ಬೆರಳ ತನಕ ಜಗ್ಗುತ್ತದೆ. ಕೂತರೆ ಹೆಚ್ಚು, ಸೀನಿದರಂತೂ ಜೀವ ಹೋದಂತಾಗುತ್ತದೆ. ಕಾಲಿಗೆ ಶಾಖ ಕೊಡೋಣವೆಂದು ಅವಳು ಪ್ರೀತಿಯಿಂದಲೇ ತಂದಿದ್ದಳು. ಆದರೆ ಆ ಕಮಟು ವಾಸನೆ ಹಾವೇರಿಯ ಈ ಮನೆಯಲ್ಲಿ ಹರಡಿದ್ದೇ ತಡ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಲೆ ಆರಿಸು ಎಂದು ಕೂಗಿಬಿಟ್ಟೆ. ಪಾಪ, ಅವಳಿಗೆ ಏನೂ ತಿಳಿಯಲಿಲ್ಲ.

ಆಗ ನಾವು ಬ್ಯಾಡಗಿಯಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಪಕ್ಕದ ಮನೆಯ ಮಾಮಾನ ಅಂಗಳದಿಂದ ದಿನಾ ಸಂಜೆ ಇದೇ ವಾಸನೆ ಬರುತ್ತಿತ್ತು. ಸಂಬಂಧದಲ್ಲಿ ಅವರು ನಮಗೆ ಏನೂ ಅಲ್ಲ, ಆದರೂ ನನಗೆ ಮಾಮಾ, ಅವರ ಹೆಂಡತಿ ಅತ್ತಿ. ಮಾಮಾ ಒಬ್ಬ ದೊಡ್ಡ ಖರೀದಿದಾರರ ಪರವಾಗಿ ಮೆಣಸಿನಕಾಯಿ ಮಾಲು ನೋಡುವವರು. ಪೇಟೆಯ ದಿನ ಮಾರ್ಕೆಟ್ಟಿನಲ್ಲಿ ಸಾಲುಸಾಲಾಗಿ ಹಾಕಿದ ರಾಶಿಗಳ ನಡುವೆ ನಡೆದು, ಕಾಯಿ ಎತ್ತಿ, ಮುರಿದು, ಬಣ್ಣ ನೋಡಿ, ಚೀಟಿಯಲ್ಲಿ ದರ ಬರೆದು ಹಾಕಬೇಕು. ಟೆಂಡರ್ ಹೊತ್ತು ಮುಗಿಯುವುದರೊಳಗೆ ಇಡೀ ಅಂಗಳ ಸುತ್ತಬೇಕು. ಆ ಕೆಲಸದ ಬಗ್ಗೆ ಅವರಿಗಿದ್ದ ಜಂಬ ಹೇಳತೀರದು. ಬಿಳಿ ಅಂಗಿ, ಕಾಲಿಗೆ ಕಾಲುಚೀಲ ಹಾಕಿ ಬೂಟು, ಮದುವೆಗೆ ಹೊರಟವರ ಹಾಗೆ ಹೋಗುತ್ತಿದ್ದರು.

ನಮ್ಮವರ ದಲಾಲಿ ಅಂಗಡಿ ಅಲ್ಲೇ ಇತ್ತು. ಊಟದ ಡಬ್ಬಿ ಕೊಡಲು ಹೋದಾಗ ನಾನು ಮಾಮಾನನ್ನು ನೋಡುತ್ತಿದ್ದೆ. ಒಂದು ಸಾಲು ನಡೆಯುವಷ್ಟರಲ್ಲಿ ನಿಂತುಬಿಡುವರು. ಸುಮ್ಮನೆ ನಿಂತರೆ ಜನ ಕೇಳುತ್ತಾರಲ್ಲ, ಅದಕ್ಕೆ ಒಂದು ಕಾಯಿ ಎತ್ತಿ ತಿರುಗಿಸಿ ತಿರುಗಿಸಿ ನೋಡುವರು. ಸ್ವಲ್ಪ ಹೊತ್ತಿಗೆ ಮುಖ ಸಡಿಲಾಗಿ ಮತ್ತೆ ನಡೆಯುವರು. ಮುಂದಿನ ಸಾಲಿನಲ್ಲಿ ಮತ್ತೆ ಅದೇ... ರೈತರು ಮಾತ್ರ ತಮ್ಮ ಮಾಲಿನಲ್ಲಿ ಏನೋ ಕಸರು ಕಂಡಿರಬೇಕೆಂದು ಗಾಬರಿಯಾಗುತ್ತಿದ್ದರು.

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಕಾಲುನೋವಿಗೆ ಇರುವುದು ಒಂದೇ ಹೆಸರು, ಸಯಾಟಿಕಾ. ಚೀಲ ಹೊರುವ ಹಮಾಲರಿಗೆ, ದಿನವಿಡೀ ಬಗ್ಗಿ ಕೂತು ಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ಅದು ಖರೇನೇ ಇರುತ್ತಿತ್ತು. ಹಾಗಾಗಿ ಮಾಮಾನಿಗೂ ಅದೇ ಎಂದು ಎಲ್ಲರೂ ಕೂಡಿ ತೀರ್ಮಾನಿಸಿದರು. ಪಾದ ಉರಿಯುತ್ತದೆ ಎಂದರೆ, ಅದು ಮೆಣಸಿನಕಾಯಿ ಖಾರ, ಯಾರಿಗೆ ಉರಿಯುವುದಿಲ್ಲ ಎಂದು ನಕ್ಕರು. ಬೆರಳು ತಣ್ಣಗಿರುತ್ತವೆ ಎಂದರೆ ಅದನ್ನು ಕೇಳಿಸಿಕೊಂಡವರೇ ಇಲ್ಲ.

ಕೊನೆಗೆ ರಾಣೆಬೆನ್ನೂರಿನ ಒಬ್ಬ ಡಾಕ್ಟರ ಹತ್ತಿರ ಹೋದೆವು. ಧೈರ್ಯ ಸಾಲದೆ ಅತ್ತಿ ನನ್ನನ್ನೂ ಕರೆದುಕೊಂಡಿದ್ದರು. ಬಸ್ ಸ್ಟ್ಯಾಂಡಿನಿಂದ ದವಾಖಾನೆಗೆ ನಡೆಯುವಾಗ ಮಾಮಾ ಎರಡು ಕಡೆ ನಿಂತರು. ಒಳಗೆ ಹೋದಾಗ ಅವರು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಸೊಂಟ ನೋಯಂಗಿಲ್ಲರೀ. ನಡದ್ರ ಮೀನಖಂಡ ಹಿಡಿತೈತಿ, ನಿಂತ್ರ ಬಿಡತೈತಿ."

ಡಾಕ್ಟರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದಿದ್ದರು. ಸೊಂಟದ ಮೂಳೆ ಸವೆದಿದೆ, ಸಯಾಟಿಕಾ ಎಂದರು. ಆ ವಯಸ್ಸಿನಲ್ಲಿ ಯಾರ ಸೊಂಟ ಸವೆದಿರುವುದಿಲ್ಲ? ಎದುರಿಗೆ ಕೂತ ಮನುಷ್ಯ ರೋಗವನ್ನು ತನ್ನ ಬಾಯಿಂದಲೇ ಬಿಡಿಸಿ ಹೇಳುತ್ತಿದ್ದ, ಇವರು ಹಾಳೆ ನೋಡುತ್ತಿದ್ದರು. ಮಂಚದ ಮೇಲೆ ಮಲಗಿಸಲಿಲ್ಲ, ಕಾಲೆತ್ತಿ ನೋಡಲಿಲ್ಲ, ಬೂಟು ಬಿಚ್ಚಿ ಎನ್ನಲಿಲ್ಲ. ಸೊಂಟಕ್ಕೆ ಪಟ್ಟಿ, ನುಂಗಲು ಗುಳಿಗೆ, ತೂಕ ಕಟ್ಟಿ ಜಗ್ಗಿಸಿಕೊಳ್ಳಲು ಒಂದು ಚೀಟಿ. ಆ ಡಾಕ್ಟರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಪಟ್ಟಿಯಿಂದ ಏನೂ ಆಗಲಿಲ್ಲ. ಆಗ ಬಂದವನು ಹಮಾಲರ ಮುಖಂಡ. ಅವನಿಗೆ ಹಿಂದೆ ಸಯಾಟಿಕಾ ಆಗಿತ್ತು. ಮೋಟೆಬೆನ್ನೂರಿನ ಆಚೆ ಒಂದು ಹಳ್ಳಿಯಲ್ಲಿ ಕಾಲಿಗೆ ಬರೆ ಹಾಕಿಸಿಕೊಂಡು ಬಂದ ಮೇಲೆ ಹೋಯಿತಂತೆ. ಆ ನೋವು ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಬರೆ ಹಾಕಿದವನಿಗೆ ಬರುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಮುಖಂಡ ತಾನೇ ಜೀಪು ಮಾಡಿಕೊಂಡು ಮಾಮಾನನ್ನು ಕರೆದೊಯ್ದ. ಅಲ್ಲಿಯವರೆಗೆ ಯಾರೂ ಮುಟ್ಟದ ಕಾಲನ್ನು ಮುಟ್ಟಿದವನು ಆ ಬರೆ ಹಾಕುವವನೊಬ್ಬನೇ, ಅದೂ ಕಾದ ಕಬ್ಬಿಣದಿಂದ. ಪಾದದ ಗಂಟಿನ ಮೇಲೆ ಎಳೆದ ಅಂಥದೇ ಗೆರೆ ಮುಖಂಡನಿಗೆ ವಾರದಲ್ಲಿ ಒಣಗಿತ್ತು. ಮಾಮಾನಿಗೆ ಒಣಗಲೇ ಇಲ್ಲ. ಅತ್ತಿ ದಿನಾ ಲಕ್ಕಿ ನೀರಿನಲ್ಲಿ ತೊಳೆದರು. ಹುಣ್ಣು ಅಗಲವಾಯಿತು, ಬೆರಳು ಕಪ್ಪಾದವು, ಲಕ್ಕಿಯ ವಾಸನೆಯ ಕೆಳಗೆ ಇನ್ನೊಂದು ವಾಸನೆ...

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಕಾಲುಚೀಲ ಕಳೆದು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಆಮೇಲೆ ಇನ್ನೊಂದು ಪಾದ, ಮೊಣಕಾಲ ಹಿಂದೆ, ತೊಡೆಯ ಸಂದು. ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದೆ, ಇದು ಮೊದಲಿನಿಂದಲೂ ಸಯಾಟಿಕಾ ಅಲ್ಲವೇ ಅಲ್ಲ ಎಂದರು. ನಡೆದರೆ ಹಿಡಿದು ನಿಂತರೆ ಬಿಡುವುದೇ ಅದರ ಗುರುತಂತೆ. ಆ ನಾಳ ಕಟ್ಟಲು ಮಾಮಾ ವರ್ಷಗಟ್ಟಲೆ ಸೇದುತ್ತಿದ್ದ ಬೀಡಿಯೇ ಮುಖ್ಯ ಕಾರಣವಂತೆ. ರಕ್ತವೇ ಬಾರದ ಕಾಲಿನಲ್ಲಿ ಸುಟ್ಟ ಗಾಯ ಹೇಗೆ ಮಾಯಬೇಕು? ಮೊಣಕಾಲ ಕೆಳಗೆ ತೆಗೆದರು.

ಮಾಮಾನ ಮೇಲೂ ನನಗೆ ಸಿಟ್ಟಿದೆ. ಕಾಲು ಹೋದ ಮೇಲೂ ಅತ್ತಿಯ ಕಣ್ಣು ತಪ್ಪಿಸಿ ಹಿತ್ತಲಲ್ಲಿ ಬೀಡಿ ಸೇದುತ್ತಿದ್ದರು. ಒಂದು ದಿನ ನಾನು ಬೀಡಿ ಕಸಿದು ಎಸೆದೆ. ಅವರು ಬೈಯಲಿಲ್ಲ. ಮಡಿಸಿ ಪಿನ್ನು ಚುಚ್ಚಿದ ಪೈಜಾಮವನ್ನು ನೇವರಿಸುತ್ತ ಹೇಳಿದರು:

"ನಾ ಹೇಳಿದ್ನಲ್ಲವಾ, ನಿಂತ್ರ ಬಿಡತೈತಿ ಅಂತ."

ಮಾರ್ಕೆಟ್ಟಿನ ಕಡೆ ಅವರು ಮತ್ತೆ ಹೋಗಲಿಲ್ಲ. ಮುಂದಿನ ಸುಗ್ಗಿ ಬರುವ ಮೊದಲೇ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಆ ಹಮಾಲರ ಮುಖಂಡನೂ ಇದ್ದ. ಸಯಾಟಿಕಾ ಭಾಳ ಕೆಟ್ಟ ಬ್ಯಾನಿ, ಮನುಷ್ಯಾನ್ನ ತಿಂದುಬಿಡ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಸುತ್ತ ಕೂತವರು ಹೌದೌದು ಎಂದು ಗೋಣು ಹಾಕುತ್ತಿದ್ದರು. ಎದ್ದು ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತ್ತು. ಅತ್ತಿ ನನ್ನ ಕೈ ಹಿಡಿದುಕೊಂಡಿದ್ದರು...

ಮೊನ್ನೆ ಇಲ್ಲಿ ಹಾವೇರಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಚಿಕ್ಕ ವಯಸ್ಸಿನ ಹುಡುಗಿ. ಮಲಗಿಸಿ ನನ್ನ ಕಾಲನ್ನು ನೇರವಾಗಿ ಮೇಲೆತ್ತಿದಳು, ಸೊಂಟದಿಂದ ಬೆರಳ ತನಕ ಮಿಂಚು ಹೊಡೆದಂತಾಯಿತು. ಇದು ಸಯಾಟಿಕಾನೇ ಇರಬೇಕು ಎಂದಳು. ಆದರೂ ಬಿಡದೆ ಎರಡೂ ಪಾದಗಳ ಮೇಲೆ ಬೆರಳಿಟ್ಟು ನಾಡಿ ನೋಡುತ್ತ ನಿಂತಳು. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು. ಇಷ್ಟೇ ಕೆಲಸ. ಇಷ್ಟೇ ಇಷ್ಟು ಕೆಲಸ.

ನನ್ನ ಕಣ್ಣಲ್ಲಿ ನೀರು ಕಂಡು ಅವಳು ತಟ್ಟನೆ ಕೈ ತೆಗೆದಳು.

"ಇಲ್ಲಿ ನೋವೈತೇನ್ರೀ?"

ಇಲ್ಲ ಎಂದೆ. ಇನ್ನೊಂದು ಸಲ ಮುಟ್ಟಿ ನೋಡು ಎಂದೆ.